ನೆಲವೇ ಡೊಂಕಾಗಿದ್ದರೆ?

ಪಶ್ಚಿಮ ಮಾಂಬಲದ ನಮ್ಮ ಮನೆಯಲ್ಲಿ ಮಗಳ ಎಲೆಕ್ಟ್ರಿಕ್ ಗಿಟಾರ್ ಎಂಟು ತಿಂಗಳ ಕಾಲ ಬೀರುವಿನ ಪಕ್ಕದ ಗೋಡೆಗೆ ಒರಗಿಕೊಂಡೇ ಇತ್ತು. ದನಿ ಏರಿಸುವ ಗುಂಡಿಯನ್ನು ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ, ಒಮ್ಮೊಮ್ಮೆ ನುಡಿಸುತ್ತಿರುವಾಗಲೇ ದನಿ ನಿಂತುಹೋಗುತ್ತದೆ ಎಂದು ಅವಳು ಎರಡು ಮೂರು ಸಲ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸದರ ಉತ್ಸಾಹ ಇಳಿದಿದೆ, ಅಭ್ಯಾಸ ಬೇಸರ ತಂದಿದೆ, ಅದಕ್ಕೊಂದು ನೆಪ ಎಂದುಕೊಂಡೆ. ಒಂದು ಸಂಜೆ ಮಾತಿಗೆ ಮಾತು ಬೆಳೆದಾಗ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನೂ ಅವಳ ಮೇಲೆ ಎಸೆದೆ. ಅವಳು ಮರುಮಾತಾಡದೆ ಎದ್ದು ಹೋದಳು. ಆ ದಿನದಿಂದ ಗಿಟಾರಿನ ಸುದ್ದಿಯನ್ನೂ ಎತ್ತಲಿಲ್ಲ.

ಹೇಗೂ ಮೂಲೆ ಹಿಡಿದದ್ದನ್ನು ಮಾರಿಬಿಡೋಣವೆಂದು ನಗರದ ಒಂದು ವಾದ್ಯದಂಗಡಿಗೆ ಒಯ್ದೆ. ಒಳಗಿನ ವೈರಿಂಗ್ ಪೂರ್ತಿ ಬದಲಿಸಬೇಕು, ಹಾಗೆ ಮಾಡಿಸದೆ ಕೊಟ್ಟರೆ ಅರ್ಧ ಬೆಲೆಯೂ ಸಿಗದು ಎಂದರು. ಮರಳುವಾಗ ಮನಸ್ಸು ಒಪ್ಪದೆ ಅಣ್ಣಾ ಸಾಲೈಯಿಂದ ರಿಚಿ ಸ್ಟ್ರೀಟಿಗೆ ತಿರುಗಿದೆ. ಬಿಡಿಭಾಗಗಳ ಆ ಇಕ್ಕಟ್ಟಿನ ಬೀದಿಯಲ್ಲಿ ಹಳೆಯ ರೇಡಿಯೋ, ಆಂಪ್ಲಿಫೈಯರ್ ದುರಸ್ತಿ ಮಾಡುವ ಹಿರಿಯರೊಬ್ಬರು ಗುಂಡಿಯನ್ನು ಎರಡು ಬಾರಿ ಆ ಕಡೆ ಈ ಕಡೆ ತಿರುಗಿಸಿ, ಮೆಲ್ಲಗೆ ಮೇಲೆತ್ತಿ ತೆಗೆದು, ಕೆಳಗಿನ ನಟ್ಟಿನ ಮೇಲೆ ಬೆರಳಿಟ್ಟರು. ಅದು ಬೆರಳಿಗೇ ತಿರುಗಿತು. ‘ಇದೂ ರೇಡಿಯೋನೇ ಸಾರ್, ಮರದೊಳಗೆ ಕೂತಿದೆ ಅಷ್ಟೆ’ ಎಂದು ತಮಿಳಿನಲ್ಲಿ ಹೇಳಿ ನಕ್ಕರು.

ಅವರ ಮಾತು ತಮಾಷೆಯಷ್ಟೇ ಆಗಿರಲಿಲ್ಲ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಗಿಟಾರನ್ನು ಹೊರತಂದ ಲಿಯೋ ಫೆಂಡರ್ ಮೂಲತಃ ರೇಡಿಯೋ ದುರಸ್ತಿಗಾರ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ 1938ರ ಸುಮಾರಿಗೆ ದುರಸ್ತಿ ಅಂಗಡಿ ತೆರೆದವನು. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕೆಟ್ಟ ವಸ್ತುವನ್ನು ಬಿಚ್ಚಿ ಸರಿಪಡಿಸುವವನ ಕಣ್ಣಿನಿಂದಲೇ ಅವನು ವಾದ್ಯವನ್ನು ಕಲ್ಪಿಸಿದ. ಅಂಟಿನಿಂದ ಕೂಡಿಸುತ್ತಿದ್ದ ಕತ್ತಿನ ಭಾಗವನ್ನು ಸ್ಕ್ರೂಗಳಿಂದ ಬಿಗಿದ. ದನಿಯನ್ನು ಏರಿಳಿಸಲು ರೇಡಿಯೋದಲ್ಲಿದ್ದ ಬಗೆಯ ಪೊಟೆನ್ಶಿಯೋಮೀಟರನ್ನೇ ಬಳಸಿದ. ನಮ್ಮ ಹಿರಿಯರು ಆಕಾಶವಾಣಿ ಕೇಳಲು ಕಿವಿ ಹಿಂಡುತ್ತಿದ್ದ ಗುಂಡಿಗೂ ಮಗಳ ಗಿಟಾರಿನ ಗುಂಡಿಗೂ ಒಂದೇ ವಂಶ. ಬಿಚ್ಚಲೆಂದೇ ಮಾಡಿದ ವಾದ್ಯವನ್ನು ನಾವು ಮುಟ್ಟಲು ಅಂಜುತ್ತೇವೆ ಎಂಬುದು ವಿಚಿತ್ರ.

ಗುಂಡಿ ಸಡಿಲವಾಯಿತೆಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗಿರುತ್ತದೆ. ಒಳಗಿನ ದಂಡದ ಮೇಲೆ ಗುಂಡಿಯ ಹಿಡಿತ ತಪ್ಪಿರಬಹುದು. ಇಲ್ಲವೇ ಇಡೀ ಪೊಟೆನ್ಶಿಯೋಮೀಟರನ್ನು ಹಲಗೆಗೆ ಬಿಗಿದ ನಟ್ಟು ಸಡಿಲಿರಬಹುದು. ಗುಂಡಿಯನ್ನು ಕಿತ್ತು ನೋಡಿದರೆ ಯಾವುದೆಂದು ತಿಳಿಯುತ್ತದೆ. ಕೀಳುವಾಗ ಸ್ಕ್ರೂಡ್ರೈವರಿನಿಂದ ಮೀಟಬಾರದು, ಪ್ಲಾಸ್ಟಿಕ್ ಸೀಳುತ್ತದೆ, ಮೆರುಗಿನ ಮೇಲೆ ಗಾಯವಾಗುತ್ತದೆ. ತೆಳುವಾದ ಬಟ್ಟೆಯ ಪಟ್ಟಿಯನ್ನು ಗುಂಡಿಯ ಅಡಿಗೆ ಸುತ್ತಿ ನೇರವಾಗಿ ಮೇಲೆಳೆದರೆ ಸಾಕು. ಕೆಲವು ಗುಂಡಿಗಳಿಗೆ ಬದಿಯಲ್ಲಿ ಚಿಕ್ಕದೊಂದು ಸ್ಕ್ರೂ ಇರುತ್ತದೆ; ಅದನ್ನು ಮೊದಲು ಸಡಿಲಿಸಬೇಕು. ಅಂಥ ಗುಂಡಿಯೇ ಜಾರುತ್ತಿದ್ದರೆ ಆ ಸ್ಕ್ರೂವನ್ನು ಬಿಗಿದಲ್ಲಿಗೆ ಕೆಲಸ ಮುಗಿಯಿತು.

ಒತ್ತಿ ಕೂರಿಸುವ ಗುಂಡಿಯ ದಂಡದ ತುದಿ ಎರಡಾಗಿ ಸೀಳಿದ್ದು, ಮೈಮೇಲೆ ಸಣ್ಣ ಹಲ್ಲುಗಳಿರುತ್ತವೆ. ಬಳಸುತ್ತ ಆ ಎರಡು ಹೋಳುಗಳು ಹತ್ತಿರ ಬಂದಿದ್ದರೆ ಸಪಾಟಾದ ಸ್ಕ್ರೂಡ್ರೈವರಿನ ತುದಿಯಿಟ್ಟು ಕೂದಲೆಳೆಯಷ್ಟು ಅಗಲಿಸಬೇಕು. ಬಲ ಹೆಚ್ಚಾದರೆ ಹೋಳು ಮುರಿಯುತ್ತದೆ. ಇಲ್ಲವೇ ನಲ್ಲಿ ಕೆಲಸದವರು ಬಳಸುವ ಟೆಫ್ಲಾನ್ ಟೇಪನ್ನು ಒಂದು ಸುತ್ತು ಸುತ್ತಬಹುದು. ಅಂಟನ್ನು ಮಾತ್ರ ಹಾಕಬಾರದು. ಮುಂದೆಂದಾದರೂ ಬಿಚ್ಚಬೇಕಾದವರಿಗೆ ಅದು ದ್ರೋಹ. ಹೊಸ ಗುಂಡಿ ಕೊಳ್ಳುವುದಾದರೆ ಹಲ್ಲುಗಳನ್ನು ಎಣಿಸಿಕೊಂಡು ಹೋಗಬೇಕು: ಅಮೆರಿಕನ್ ಮಾದರಿಗೆ ಸಾಮಾನ್ಯವಾಗಿ 24, ಮೆಟ್ರಿಕ್ ಮಾದರಿಗೆ 18. ಒಂದರದು ಇನ್ನೊಂದಕ್ಕೆ ಸರಿಯಾಗಿ ಕೂರದು.

ನಮ್ಮ ಗಿಟಾರಿನದು ಎರಡನೆಯ ತೊಂದರೆ. ನಟ್ಟು ಸಡಿಲಿದ್ದರಿಂದ ಗುಂಡಿಯೊಡನೆ ಇಡೀ ಪೊಟೆನ್ಶಿಯೋಮೀಟರೇ ತಿರುಗುತ್ತಿತ್ತು. ಆದ್ದರಿಂದ ದನಿ ಏರುತ್ತಿರಲಿಲ್ಲ. ಪ್ರತಿ ತಿರುವಿಗೂ ಹಿಂದಿನ ತಂತಿಗಳು ಸುತ್ತಿಕೊಂಡು, ಒಂದರ ಬೆಸುಗೆ ಬಿಡಲು ಹತ್ತಿತ್ತು. ಆದ್ದರಿಂದ ದನಿ ನಿಲ್ಲುತ್ತಿತ್ತು. ಮೇಲಿನಿಂದ ಸ್ಪ್ಯಾನರ್ ಹಾಕಿ ಬಿಗಿದರೆ ತಂತಿ ಇನ್ನಷ್ಟು ಸುತ್ತಿಕೊಳ್ಳುತ್ತದೆ ಎಂದು ಹಿರಿಯರು ಎಚ್ಚರಿಸಿದರು. ಗಿಟಾರಿನ ತಂತಿಗಳನ್ನು ಸಡಿಲಿಸಿ, ಬಿಳಿಯ ಹಲಗೆಯ ಸ್ಕ್ರೂಗಳನ್ನು ಬಿಚ್ಚಿ, ಹಿಂದಿನಿಂದ ಪೊಟೆನ್ಶಿಯೋಮೀಟರನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ನಟ್ಟು ಬಿಗಿಯಬೇಕು. ಹಲ್ಲಿನ ವಾಷರು ಕಳೆದುಹೋಗಿತ್ತು. ಅದನ್ನು ಸೇರಿಸಿ, ಬೆಸುಗೆ ಹಾಕಿ, ಅರ್ಧ ಗಂಟೆಯಲ್ಲಿ ಮುಗಿಸಿದರು. ಚಹಾಕ್ಕೆ ಕೊಡುವ ಹಣಕ್ಕಿಂತ ಸ್ವಲ್ಪ ಹೆಚ್ಚು ತೆಗೆದುಕೊಂಡರು.

ಇಲ್ಲಿಂದ ನನ್ನ ವಾದಕ್ಕೆ ಬರುತ್ತೇನೆ. ನಾವು ಮಕ್ಕಳಿಗೆ ಸಂಗೀತ ಕಲಿಸುತ್ತೇವೆ, ವಾದ್ಯವನ್ನು ಕಲಿಸುವುದಿಲ್ಲ. ನಮ್ಮ ಪರಂಪರೆ ಹಾಗಿರಲಿಲ್ಲ. ಮೃದಂಗದವರು ಕಛೇರಿಗೆ ಮುನ್ನ ರವೆ ಕಲಸಿ ಎಡದ ಮುಖಕ್ಕೆ ಮೆತ್ತಿ, ಮುಗಿದ ಮೇಲೆ ಕೆರೆದು ತೆಗೆಯುವುದನ್ನು ಮಾರ್ಗಶಿರದ ಸಭೆಗಳಲ್ಲಿ ಈಗಲೂ ನೋಡಬಹುದು. ತಂಬೂರಿಯ ಕುದುರೆಯ ಮೇಲೆ ತಂತಿಯಡಿಯ ನೂಲೆಳೆಯನ್ನು ಸರಿಸಿ ನಾದಕ್ಕೆ ಜೀವ ತುಂಬುವುದನ್ನು ಶಿಷ್ಯರು ಹಾಡಿನ ಜೊತೆಗೇ ಕಲಿಯುತ್ತಿದ್ದರು. ಎಲ್ಲವನ್ನೂ ತಾವೇ ಮಾಡುತ್ತಿದ್ದರೆಂದಲ್ಲ. ವೀಣೆಯ ಮೇಣ ಕರಗಿ ಮೆಟ್ಟಿಲು ಸರಿದರೆ ಕಸುಬುದಾರರೇ ಬರಬೇಕು. ಆದರೆ ಯಾವುದು ತನ್ನ ಕೈಯ ಕೆಲಸ, ಯಾವುದು ಕಸುಬುದಾರನದು ಎಂಬ ವಿವೇಕ ವೈಣಿಕನಿಗೆ ಇರುತ್ತಿತ್ತು. ಗಿಟಾರಿನ ವಿಷಯದಲ್ಲಿ ನಮಗೆ ಅದಿಲ್ಲ. ಅದನ್ನು ವಾದ್ಯವೆಂದು ಕಾಣದೆ ಮೊಬೈಲಿನಂಥ ಸಾಧನವೆಂದು ಕಂಡಿದ್ದೇವೆ. ಕೆಟ್ಟರೆ ಅಂಗಡಿ, ಅಂಗಡಿ ಬೇಡವೆಂದರೆ ಮೂಲೆ.

ಗಿಟಾರ್ ನಮ್ಮದಲ್ಲ ಎಂಬ ಭಾವವೂ ಇದರ ಹಿಂದೆ ಇದ್ದೀತು. ಆದರೆ ಕನ್ನಡ ಚಿತ್ರಗೀತೆಗಳು ಇದೇ ಊರಿನ ಸ್ಟುಡಿಯೋಗಳಲ್ಲಿ ಧ್ವನಿಮುದ್ರಣವಾಗುತ್ತಿದ್ದ ಕಾಲದಲ್ಲಿ ಜಿ. ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರ್ ಹಿಡಿದು ಕೂತವರು ಇಳಯರಾಜ. ನಾವು ಭಾವಗೀತೆಗಳಂತೆ ನೆನೆಯುವ ಎಷ್ಟೋ ಹಾಡುಗಳ ಬೆನ್ನಿಗೆ ಈ ವಾದ್ಯವಿದೆ. ಮದರಾಸಿನಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಅದು ಪರಕೀಯವಾಗಬೇಕಾದ ಕಾರಣವಿಲ್ಲ.

ಇಷ್ಟೆಲ್ಲ ತಿಳಿಯಲು ಮಗುವಿಗೆ ಸಮಯವೆಲ್ಲಿದೆ, ಶುಲ್ಕ ತೆಗೆದುಕೊಳ್ಳುವ ಅಂಗಡಿಯವರೇ ನೋಡಿಕೊಳ್ಳಲಿ ಎಂದು ಕೆಲವರು ಹೇಳಬಹುದು. ಹಣದ ಪ್ರಶ್ನೆ ಇಲ್ಲಿ ಚಿಕ್ಕದು. ವಾದ್ಯದ ದೋಷ ಯಾವುದು, ತನ್ನ ಕೈಯ ದೋಷ ಯಾವುದು ಎಂದು ಬೇರ್ಪಡಿಸಲಾರದ ಮಗು ಎರಡನ್ನೂ ತನ್ನದೇ ಎಂದು ತಿಳಿಯುತ್ತದೆ. ಮನೆಯ ಹಿರಿಯರೂ ನನ್ನ ಹಾಗೆ ಗಾದೆ ಹೇಳಿಬಿಟ್ಟರೆ ಅದು ಹಾಗೆಂದೇ ನಂಬುತ್ತದೆ. ನನ್ನ ಮಗಳು ಎಂಟು ತಿಂಗಳು ನಂಬಿದ್ದಳು.

ಹೊರನಾಡಿನ ನಮ್ಮ ಸಂಘಗಳಲ್ಲಿ ಮಕ್ಕಳಿಗೆ ಸಂಗೀತ ತರಗತಿ ನಡೆಸುವವರಲ್ಲಿ ಒಂದು ವಿನಂತಿ. ವರ್ಷಕ್ಕೆ ಒಂದು ತರಗತಿಯನ್ನಾದರೂ ವಾದ್ಯವನ್ನು ಬಿಚ್ಚಿ ನೋಡಲು ಮೀಸಲಿಡಿ. ಊರಿನಲ್ಲಿ ಸಿಗುವ ಒಬ್ಬ ಕಸುಬುದಾರರನ್ನು ಕರೆಸಿ, ಗೌರವಧನ ಕೊಡಿ. ತಂದೆ ತಾಯಂದಿರೂ ಹಿಂದಿನ ಸಾಲಿನಲ್ಲಿ ಕೂರಲಿ.

ಮನೆಗೆ ಬಂದು ಮಗಳ ಕೈಗೆ ಗಿಟಾರ್ ಕೊಟ್ಟು, ‘ನೆಲ ನಿಜವಾಗಿಯೂ ಡೊಂಕಾಗಿತ್ತಮ್ಮ, ತಪ್ಪು ನನ್ನದು’ ಎಂದೆ. ಅವಳು ಗುಂಡಿ ತಿರುಗಿಸಿ ನೋಡಿ, ‘ಅಪ್ಪ, ಬಿಚ್ಚುವಾಗ ನನ್ನನ್ನೂ ಕರೆದುಕೊಂಡು ಹೋಗಬೇಕಿತ್ತು’ ಎಂದಳು. ಆ ಮಾತೂ ಸರಿಯೇ. ಮುಂದಿನ ಶನಿವಾರ ಇಬ್ಬರೂ ರಿಚಿ ಸ್ಟ್ರೀಟಿಗೆ ಹೋಗಿ 10 ಮಿಲಿಮೀಟರಿನ ಒಂದು ಸ್ಪ್ಯಾನರ್ ಕೊಂಡು ತಂದೆವು.