ಶರಾವತಿಯ ಕಥೆ ಆಟವಾಗಬೇಕು!

ನಿಮ್ಮ ಮನೆಯ ಹುಡುಗ ಕಂಪ್ಯೂಟರಿನಲ್ಲಿ ವಿಡಿಯೋ ಗೇಮ್ ಆಡುತ್ತಾ ಕೂತರೆ ಬೈಯುವ ಮುಂಚೆ ಒಂದು ಆಟದ ಕಥೆ ಕೇಳಿ.

ಹೆಸರು 'ಫ್ರಾಸ್ಟ್‌ಪಂಕ್'. ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2018ರಲ್ಲಿ ಹೊರತಂದದ್ದು. ಜಗತ್ತೇ ಹಿಮಗಟ್ಟಿದೆ. ಬದುಕುಳಿದವರು ಒಂದು ದೈತ್ಯ ಜನರೇಟರಿನ ಸುತ್ತ ಬಿಡಾರ ಹೂಡಿದ್ದಾರೆ. ಅದು ಉರಿಯುವುದು ಕಲ್ಲಿದ್ದಲಿನಿಂದ. ಆಡುವವನೇ ಊರಿನ ಯಜಮಾನ. ಶಾಖ ಏರಿಸಿದರೆ ಕಲ್ಲಿದ್ದಲು ಬೇಗ ಮುಗಿಯುತ್ತದೆ, ಇಳಿಸಿದರೆ ಜನ ಕಾಯಿಲೆ ಬೀಳುತ್ತಾರೆ. ಮಿತಿ ಮೀರಿ ಓಡಿಸಿದರೆ ಜನರೇಟರೇ ಸಿಡಿಯುತ್ತದೆ. ಗಣಿಗೆ ಆಳು ಸಾಲದು. ಮಕ್ಕಳನ್ನು ದುಡಿಸುವ ಕಾನೂನಿಗೆ ಸಹಿ ಹಾಕುತ್ತೀಯಾ? 24 ಗಂಟೆಯ ಪಾಳಿ ಹೇರುತ್ತೀಯಾ? ಜನರ ಸಿಟ್ಟು ಅತಿಯಾದರೆ ನಿನ್ನನ್ನೇ ಹೊರಗಟ್ಟುತ್ತಾರೆ!

ಇಲ್ಲಿ ಉಪದೇಶವಿಲ್ಲ. ಶಕ್ತಿಗೆ ಬೆಲೆಯಿದೆ, ಅದನ್ನು ಯಾರೋ ತೆರುತ್ತಾರೆ ಎಂಬುದು ಆಡುವವನ ಕೈಗೇ ಅಂಟುತ್ತದೆ. ನಮ್ಮಲ್ಲಿ ಮಕ್ಕಳಿಗೆ ಕಲಿಸುವ ಆಟವೆಂದರೆ ನಾಲ್ಕು ಪ್ರಶ್ನೆ, ಸರಿಯುತ್ತರಕ್ಕೊಂದು ಚಪ್ಪಾಳೆ ಸದ್ದು. ಅದು ಆಟವೇ? ಪರೀಕ್ಷೆಗೆ ಬಣ್ಣ ಬಳಿದದ್ದು!

ನೀವೇ ಹೇಳಿ, ಇಂಥ ಕಥೆ ನಮ್ಮಲ್ಲಿಲ್ಲವೇ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ 1035 ಮೆಗಾವ್ಯಾಟ್ ವಿದ್ಯುದಾಗಾರ ನಾಡಿಗೆ ಬೆಳಕು ಕೊಟ್ಟಿತು. ಹಿನ್ನೀರಿನಲ್ಲಿ ತೋಟ, ಗದ್ದೆ, ಊರುಗಳೇ ಮುಳುಗಿದವು. ಎತ್ತಂಗಡಿಯಾದವರು ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಕಚೇರಿ ಅಲೆದರು. ದ್ವೀಪದಂತಾದ ತುಮರಿ ಕಡೆಯವರಿಗೆ ಸಾಗರ ತಲುಪಲು ಲಾಂಚೇ ಗತಿಯಾಯಿತು. ಸೇತುವೆ ಬಂದದ್ದು 2025ರಲ್ಲಿ! ನಾ. ಡಿಸೋಜ ಮುಳುಗಡೆಯ ಬದುಕನ್ನು 'ದ್ವೀಪ'ದಲ್ಲಿ ಬರೆದರು, ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ಓದಿ, ನೋಡಿ ಮರುಗಿದೆವು. ಆಟದಲ್ಲಾದರೆ ಬರೀ ಮರುಗಿ ಕೂರುವಂತಿಲ್ಲ, ತೀರ್ಮಾನ ನಮ್ಮ ಕೈಯಲ್ಲಿ.

ಆಡುವವಳು ಎಂಜಿನಿಯರ್ ಎಂದಿಟ್ಟುಕೊಳ್ಳಿ. ಕಟ್ಟೆ ಒಂದೊಂದು ಅಡಿ ಏರಿಸಿದಂತೆ ಕರೆಂಟೂ ಹೆಚ್ಚು, ಮುಳುಗುವ ಮನೆಯೂ ಹೆಚ್ಚು. ಎಷ್ಟಕ್ಕೆ ನಿಲ್ಲಿಸುತ್ತಾಳೆ? ಮುಂದೊಂದು ವರ್ಷ ಮಳೆ ಕೈಕೊಟ್ಟಿದೆ. ಈಗಲೇ ಟರ್ಬೈನಿಗೆ ನೀರು ಬಿಟ್ಟರೆ ಬೇಸಿಗೆಯಲ್ಲಿ ಕತ್ತಲೆ, ತಡೆದರೆ ರೈತನ ಪಂಪ್‌ಸೆಟ್ ಇಂದೇ ನಿಲ್ಲುತ್ತದೆ. ಮುಳುಗುವ ಮನೆಯ ಅಜ್ಜಿ ಅವಳನ್ನು ಎದುರು ನಿಲ್ಲಿಸಿ ಕೇಳಬೇಕು, ಅದೂ ಸಾಗರ ಸೀಮೆಯ ಕನ್ನಡದಲ್ಲಿ. ಜಾಹೀರಾತಿನ ತರ್ಜುಮೆ ಕನ್ನಡ ಆ ಅಜ್ಜಿಯ ಬಾಯಿಗೆ ಬೇಡ.

ಕನ್ನಡದ ಆಟ ಯಾರು ಕೊಳ್ಳುತ್ತಾರೆಂದು ಮೂಗು ಮುರಿಯುವವರಿಗೆ ಒಂದು ಮಾತು. ಅಲಾಸ್ಕದ ಇನ್ಯುಪಿಯಾಕ್ ಭಾಷೆ ಆಡುವವರು ಕೆಲವೇ ಸಾವಿರ ಮಂದಿ. 2014ರ 'ನೆವರ್ ಅಲೋನ್' ಆಟದಲ್ಲಿ ಕಥೆ ಹೇಳಿಸಿದ್ದು ಆ ಭಾಷೆಯಲ್ಲೇ! ಕೋಟಿಗಟ್ಟಲೆ ಇರುವ ನಮಗೇಕೆ ಹಿಂಜರಿಕೆ?

ಗೇಮಿಂಗ್ ಉದ್ಯಮಕ್ಕೆ 2012ರಲ್ಲೇ ನೀತಿ ತಂದ ಸರ್ಕಾರ ನಮ್ಮದು, 2024ರಲ್ಲಿ ಅದನ್ನು ಹೊಸದಾಗಿಸಿದ್ದೂ ಆಯಿತು. ಆ ನೆರವಿನಲ್ಲಿ ಒಂದು ಪಾಲು ಕನ್ನಡದಲ್ಲೇ ಕಟ್ಟುವ ಆಟಗಳಿಗೆ ಮೀಸಲಾಗಲಿ. ಕರ್ನಾಟಕ ವಿದ್ಯುತ್ ನಿಗಮ ಶರಾವತಿ ಯೋಜನೆಯ ಹಳೆಯ ನಕ್ಷೆ, ಕಡತ, ಫೋಟೋಗಳನ್ನು ಆಟ ಕಟ್ಟುವ ಹುಡುಗ ಹುಡುಗಿಯರಿಗೆ ತೆರೆದಿಡಲಿ. ನೀರು ಏರಿದಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಮಾತು ಧ್ವನಿಮುದ್ರಿಸಿಕೊಳ್ಳುವವರು ಈ ವರ್ಷವೇ ಹೊರಡಿ.