ಗೋಪುರದ ಹೊರಗೊಂದು ಅಂಗಡಿ

ಹಂಪಿಗೆ ಹೋದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅಲ್ಲಿ ದೊಡ್ಡ ಗುಡಿಯ ಮುಂದೆಲ್ಲ ಒಂದು ಬಜಾರು ಚಾಚಿಕೊಂಡಿದೆ. ವಿರೂಪಾಕ್ಷನ ಮುಂದೆ, ಕೃಷ್ಣನ ಮುಂದೆ, ಅಚ್ಯುತರಾಯನ ಗುಡಿಯ ಮುಂದೆ, ವಿಠ್ಠಲನ ಮುಂದೆ, ಎಲ್ಲೆಡೆ ಕಲ್ಲುಕಂಬಗಳ ಸಾಲು. ವಿಜಯನಗರದವರಿಗೆ ದೇವರೂ ವ್ಯಾಪಾರವೂ ಅಕ್ಕಪಕ್ಕ ಇರುವುದರಲ್ಲಿ ಮುಜುಗರವಿರಲಿಲ್ಲ. ಆದರೆ ಅಂಗಡಿ ಸಾಲು ಇದ್ದದ್ದು ಗೋಪುರದ ಹೊರಗೆ.

ಈಗ ಕಮಲಾಪುರದಲ್ಲಿ ಕುಳಿತು ಹಂಪಿಯ ಬಗ್ಗೆ ಜಾಲತಾಣದಲ್ಲಿ ಬರೆಯುವವರೊಬ್ಬರು ಇದ್ದಾರೆಂದು ಇಟ್ಟುಕೊಳ್ಳಿ. ಊರಿನ ಪುರಾತತ್ವ ವಸ್ತುಸಂಗ್ರಹಾಲಯ, ಕೆರೆ, ಪಟ್ಟಾಭಿರಾಮ ದೇವಾಲಯ, ಆನೆಗೊಂದಿಯ ಬಾಳೆನಾರಿನ ಕೆಲಸ, ಸಂಡೂರಿನ ಲಂಬಾಣಿ ಕಸೂತಿ ಎಲ್ಲವೂ ಅವರ ಬರಹದಲ್ಲಿ ಬಂದುಹೋಗಿವೆ. ಓದಿದವರು ಕೇಳುತ್ತಾರೆ: ‘ಆ ಚೀಲ ನಮಗೂ ಬೇಕು, ಎಲ್ಲಿ ಸಿಗುತ್ತದೆ?’ ಹತ್ತು ಜನ ಕೇಳಿದ ಮೇಲೆ, ನಾನೇ ಯಾಕೆ ಮಾರಬಾರದು ಎಂಬ ಯೋಚನೆ ಬರುವುದು ಸಹಜ.

ಬರೆಯುವವನು ಮಾರಬಾರದು ಎಂಬ ಮಡಿ ಕನ್ನಡದಲ್ಲಿ ಎಂದೂ ಇರಲಿಲ್ಲ, ಬಿಡಿ. ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರಾಗಿದ್ದ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ನಡೆದು ಮಾರಿದವರು. ನಮ್ಮ ಕಾಲಕ್ಕೆ ಬಂದರೆ, ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರ ‘ಛಂದ ಪುಸ್ತಕ’ ಕಟ್ಟಿ ತಮ್ಮ ಪುಸ್ತಕಗಳ ಜೊತೆ ಹೊಸಬರ ಪುಸ್ತಕಗಳನ್ನೂ ಓದುಗರಿಗೆ ಮುಟ್ಟಿಸಿದರು.

ಆದ್ದರಿಂದ ಅಂಗಡಿ ತೆರೆಯಲಿ. ಎಲ್ಲಿ ತೆರೆಯಬೇಕು ಎಂಬುದಷ್ಟೇ ಪ್ರಶ್ನೆ.

ಅವಸರದವರು ಮೊದಲು ಮಾಡುವ ಕೆಲಸವೆಂದರೆ ಇಡೀ ತಾಣವನ್ನು ಕೆಡವಿ ಹೊಸದು ಕಟ್ಟುವುದು. ಆಗ ಹಳೆಯ ಬರಹಗಳ ವಿಳಾಸಗಳೆಲ್ಲ ಬದಲಾಗುತ್ತವೆ. ಗೂಗಲ್‌ನಲ್ಲಿ ಹುಡುಕಿ ಬಂದವರಿಗೆ ಖಾಲಿ ಪುಟ ಕಾಣುತ್ತದೆ. ಗಿರಾಕಿಯನ್ನು ಬಾಗಿಲಿಗೆ ಕರೆತರುತ್ತಿದ್ದುದೇ ಆ ಬರಹಗಳು! ಹಳೆಯದನ್ನು ಇದ್ದಲ್ಲೇ ಬಿಟ್ಟು, ಅದೇ ಹೆಸರಿನಡಿ ‘ಅಂಗಡಿ’ ಎಂಬ ಬೇರೆ ವಿಭಾಗ ತೆರೆಯುವುದು ಜಾಣತನ. ವರ್ಡ್‌ಪ್ರೆಸ್‌ನಲ್ಲಿ ಸ್ವಂತ ತಾಣ ನಡೆಸುವವರಿಗೆ 2011ರಿಂದ ‘ವೂಕಾಮರ್ಸ್’ ಎಂಬ ಉಚಿತ ಜೋಡಣೆ ಇದೆ. ಉಚಿತವೆಂದರೂ ತಾಣದ ಬಾಡಿಗೆ, ಹಣ ಸ್ವೀಕರಿಸುವ ಸಂಸ್ಥೆಯ ಕಮಿಷನ್, ಆಗಾಗಿನ ರಿಪೇರಿ ಲೆಕ್ಕಕ್ಕೆ ಬರುತ್ತವೆ. ಐದಾರು ವಸ್ತು ಮಾರುವವರಿಗೆ ಅಷ್ಟೂ ಬೇಡ. ಒಂದು ಪುಟದಲ್ಲಿ ಚಿತ್ರ, ಬೆಲೆ, ಆರ್ಡರ್ ಅರ್ಜಿ, ಯುಪಿಐ ಸಂಖ್ಯೆ ಇದ್ದರೆ ಮೊದಲ ವರ್ಷ ಸಾಗುತ್ತದೆ.

ಯಂತ್ರದ ಮಾತು ಇಷ್ಟೇ. ನಿಜವಾದ ತೊಡಕು ಬರಹದ್ದು. ನಿನ್ನೆಯವರೆಗೆ ‘ಈ ಕಸೂತಿ ಚೆನ್ನಾಗಿದೆ’ ಎಂದರೆ ಓದುಗ ನಂಬುತ್ತಿದ್ದ. ಇಂದು ಅದರ ಕೆಳಗೇ ‘ಕೊಳ್ಳಿ’ ಎಂಬ ಗುಂಡಿ ಇದೆ. ಮಾರುವ ವಸ್ತುವಿನ ಬಗ್ಗೆ ಬರೆಯುವಾಗ ‘ಇದು ನಮ್ಮ ಅಂಗಡಿಯಲ್ಲಿದೆ’ ಎಂದು ಮೊದಲ ಸಾಲಿನಲ್ಲೇ ಹೇಳಿಬಿಡಬೇಕು. ಮರೆಮಾಚಿದ ಜಾಹೀರಾತನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಗ್ರಾಹಕರನ್ನು ದಾರಿತಪ್ಪಿಸುವ 13 ತಂತ್ರಗಳ ಪಟ್ಟಿಗೆ ಸೇರಿಸಿದೆ. ಕಾನೂನು ಇರದಿದ್ದರೂ ಹಳ್ಳಿಯ ಕಟ್ಟೆಯಲ್ಲಿ ಇದು ಮರ್ಯಾದೆಯ ಪ್ರಶ್ನೆಯೇ.

ಇನ್ನು ವಸ್ತುವಿನ ಹೆಸರು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಯಂತ್ರದ ಕಸೂತಿಯನ್ನು ಅದೇ ಹೆಸರಲ್ಲಿ ಮಾರಿದರೆ ಮೋಸಹೋಗುವವನು ಕೊಂಡವನೊಬ್ಬನೇ ಅಲ್ಲ. ಕಣ್ಣು ಸೋಲುವಷ್ಟು ಹೊತ್ತು ಸೂಜಿ ಹಿಡಿದವಳ ಕೂಲಿಯೂ ಹೋಗುತ್ತದೆ. ಬೆಲೆಯಲ್ಲಿ ಅವಳಿಗೆಷ್ಟು ಎಂಬುದನ್ನು ಅಂಗಡಿಯ ಪುಟದಲ್ಲೇ ಬರೆದರೆ ಯಾವ ಬಣ್ಣನೆಯೂ ಬೇಕಾಗದು. ಅಂದಹಾಗೆ, ಹೆಸರಾದ ಕಮಲಾಪುರದ ಕೆಂಪು ಬಾಳೆ ಕಲಬುರಗಿ ಜಿಲ್ಲೆಯ ಕಮಲಾಪುರದ್ದು. ‘ಕಮಲಾಪುರ’ ಎಂದಷ್ಟೇ ಬೋರ್ಡು ಹಾಕಿದರೆ ಬಾಳೆಹಣ್ಣು ಕೇಳಿಕೊಂಡು ಬರುವವರೂ ಇದ್ದಾರು!

ಪುಸ್ತಕದಿಂದ ಆರಂಭಿಸುವುದು ಎಲ್ಲಕ್ಕಿಂತ ಸುಲಭ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. 2025ರ ಮೇ 1ರಿಂದ ಅಂಚೆ ಇಲಾಖೆಯ ‘ಜ್ಞಾನ ಪೋಸ್ಟ್’ ಇದೆ. 300 ಗ್ರಾಂವರೆಗಿನ ಪುಸ್ತಕದ ಕಟ್ಟಿಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಕಟ್ಟಿನೊಳಗೆ ಜಾಹೀರಾತು ಇಡುವಂತಿಲ್ಲ. ಚೀಲ, ಬಟ್ಟೆಗಳನ್ನು ಹೊರರಾಜ್ಯಕ್ಕೆ ಮಾರುವಾಗ ತೆರಿಗೆ ನೋಂದಣಿಯ ಪ್ರಶ್ನೆ ಏಳುತ್ತದೆ; ಕುಶಲಕರ್ಮಿಗಳಿಗೆ ಕೆಲವು ವಿನಾಯಿತಿಗಳಿದ್ದರೂ ಅವು ನಿಮಗೆ ಅನ್ವಯಿಸುತ್ತವೆಯೇ ಎಂದು ಹೊಸಪೇಟೆಯ ಲೆಕ್ಕಿಗರೊಬ್ಬರನ್ನು ಮೊದಲೇ ಕೇಳಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ‘ತಲುಪಿತು’ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಒಬ್ಬರೇ ಬರೆದು, ಒಬ್ಬರೇ ಕಟ್ಟು ಕಟ್ಟಿ, ಒಬ್ಬರೇ ಅಂಚೆಗೆ ಹೋಗುವವರು ಈ 48 ಗಂಟೆಯ ಲೆಕ್ಕವನ್ನು ಮೊದಲು ಹಾಕಲಿ. ಜಾತ್ರೆಯ ವಾರದಲ್ಲಿ ಅಂಗಡಿಗೆ ರಜೆ ಎಂದು ಬರೆದುಕೊಂಡರೆ ಯಾರೂ ಬೇಸರಿಸುವುದಿಲ್ಲ.