ಧೈರ್ಯದ ಮಾತಿಗಿಂತ ಒಂದು ತಾಸು ಕೊಡ್ರಿ

ಯಾರರ ಮನ್ಯಾಗ ದೊಡ್ಡ ಜಡ್ಡು ಬಂತಂದ್ರ ನಾವು ಹೆಣ್ಣುಮಕ್ಕಳು ಮೊದಲು ಆಡೋ ಮಾತು ಒಂದಽ. 'ಧೈರ್ಯಾ ತಗೋರಿ, ಎಲ್ಲಾ ಛಲೋ ಆಗ್ತದ.' ಪ್ರೀತಿಲೇ ಅಂದಿರ್ತೀವಿ, ಖರೆ. ಆದ್ರ ಎಲ್ಲಾ ಛಲೋ ಆಗದಂಥಾ ಜಡ್ಡೂ ಇರ್ತಾವ ನೋಡ್ರಿ. ಅಂಥಾ ಮನ್ಯಾಗ ಭರವಸಿ ಅನ್ನೋದು ದೊಡ್ಡ ಮಾತಿನಿಂದ ಬರೂದಿಲ್ಲ, ದಿನದ ಸಣ್ಣ ಸಣ್ಣ ಗಳಿಗ್ಯಾಗ ಸಿಗಬೇಕು ಅಂತ ನನಗ ಅನಸ್ತದ.

ನಮ್ಮನಿಯವರ ಕಿಡ್ನಿ ಕೆಲಸಾ ಬಿಟ್ಟು 3 ವರ್ಷ ಆತು. ವಾರಕ್ಕ 3 ಸಲ ಡಯಾಲಿಸಿಸ್, ಸಲಕ್ಕ 4 ತಾಸು. ಬಸ್ಸಿನ್ಯಾಗ ಹೋಗಿ ಬರೂದು ಹಿಡದ್ರ ಆ ದಿನಾ ಪೂರಾ ಅಲ್ಲೇ ಮುಗೀತದ. ಉಳದ ದಿನಾ ಅಡಗಿಮನ್ಯಾಗ ಲೆಕ್ಕ. ಕುಡಿಯೋ ನೀರು, ಚಹಾ, ಸಾರು, ಮಜ್ಜಿಗಿ ಎಲ್ಲಾ ಅಳತಿಲೇ. ಉಪ್ಪು ಕಡಿಮಿ. ಕಾಯಿಪಲ್ಲೆ ಹೆಚ್ಚಿ, ಭಾಳ ನೀರಾಗ ನೆನಸಿ ಚೆಲ್ಲಿ, ಮತ್ತ ಬ್ಯಾರೆ ನೀರಾಗ ಕುದಿಸಿ ಬಸೀಬೇಕು. ಹಿಂಗ ಮಾಡಿದ್ರ ಅದರಾಗಿನ ಪೊಟ್ಯಾಸಿಯಂ ಕಡಿಮಿ ಆಗ್ತದ. ಕಿಡ್ನಿ ಕೆಟ್ಟವರ ರಕ್ತದಾಗ ಅದು ಏರಿದ್ರ ಹೃದಯಕ್ಕ ಅಪಾಯ. ಅದಕ್ಕಽ ಇಂಥಾ ಮನಿಗೆ ಬರುವಾಗ ಎಳೆನೀರು, ಬಾಳೆಹಣ್ಣು ತರಬ್ಯಾಡ್ರಿ. ಅವರ ಮುಂದ ಇಟ್ಟು, ತಿನಬ್ಯಾಡ್ರಿ ಅನ್ನೋದು ಭಾಳ ಕಠಿಣ.

'ಇನ್ನ ಎಷ್ಟು ವರ್ಷ?' ಅಂತ ಲೆಕ್ಕಾ ಹಾಕಿದ್ರ ಎದಿ ಝಲ್ಲ ಅಂತದ. ವರ್ಷದ ಲೆಕ್ಕಾ ದೇವರಿಗೆ ಬಿಟ್ಟು ನಾನು ದಿನದ ಲೆಕ್ಕಾ ಇಟ್ಟೀನಿ. ಡಯಾಲಿಸಿಸಿಗೆ ಮೊದಲು ತೂಕಾ ಮಾಡಿ ಮೈಯಾಗ ಎಷ್ಟು ನೀರು ನಿಂತದ ಅಂತ ನೋಡ್ತಾರ. ತೂಕಾ ಭಾಳ ಏರದ ದಿನಾ ನರ್ಸಬಾಯಿ 'ಈ ಸಲ ಛಲೋ ಅದರೀ ಅವ್ವಾರ' ಅಂದ್ರ ಮಕ್ಕಳು ಪರೀಕ್ಷಾ ಪಾಸಾದಷ್ಟು ಖುಷಿ ನನಗ. ಬ್ಯಾಸಗ್ಯಾಗ ಇವರು ನೀರಿನ ಬದಲಿ ಒಂದು ಸಣ್ಣ ಬರ್ಫಿನ ತುಣುಕು ಬಾಯಾಗ ಇಟ್ಟುಕೊಂಡು 'ಕುಲ್ಫಿ ತಿಂದಂಗ ಆತ ನೋಡು' ಅಂತಾರ. ಹೀರಿಕಾಯಿ ಪಲ್ಯಾಕ್ಕ ಬಳ್ಳೊಳ್ಳಿ ಒಗ್ಗರಣಿ ಕೊಟ್ಟು ಬಿಸಿ ರೊಟ್ಟಿ ಹಾಕಿದ್ರ 'ಇನ್ನೊಂದು ಅರ್ಧಾ ಹಾಕು' ಅಂತಾರ. ಆ ಅರ್ಧಾ ರೊಟ್ಟಿ ಮ್ಯಾಲೆ ನನ್ನ ಎರಡು ದಿನಾ ನಡೀತಾವ. ರಾತ್ರಿ ಎಷ್ಟು ದಣದ್ರೂ ಹಾಲಿಗೆ ಹೆಪ್ಪು ಹಾಕೇ ಮಲಗ್ತೀನಿ. ಮುಂಜಾನೆ ಗಟ್ಟಿ ಮೊಸರು ನೋಡಿದ್ರ, ನಾ ಮಲಗಿದಾಗೂ ಏನೋ ಒಂದು ಛಲೋ ನಡದಿತ್ತು ಅನಸ್ತದ.

ಅಲ್ಲಿ ಹೊರಗ ಕಾಯಕೋತ ಕೂಡೋ ನಾವು ಐದಾರು ಮಂದಿ ಹೆಣ್ಣುಮಕ್ಕಳು. ನವಲಗುಂದದಾಕಿ, ಕುಂದಗೋಳದಾಕಿ, ಎಲ್ಲಾರೂ ಅಕ್ಕತಂಗೇರಾಗೀವಿ. ಒಬ್ಬಾಕಿ ಸದಾ ಕೌದಿ ಹೊಲೀತಿದ್ಲು. ಹೋದ ಆಷಾಢದಾಗ ಆಕಿ ಗಂಡ ತೀರಿಕೊಂಡ್ರು. ತಿಂಗಳಾದ ಮ್ಯಾಲೆ ಒಂದು ಮಂಗಳವಾರ ಅದಽ ಅರ್ಧಾ ಕೌದಿ ಬಗಲಾಗ ಹಿಡಕೊಂಡು ಬಂದ್ಲು. 'ಮನ್ಯಾಗ ಒಬ್ಬಾಕಿಗೇ ಸೂಜಿ ಹಿಡೀಲಿಕ್ಕೆ ಆಗವಲ್ದು' ಅಂದ್ಲು. ಯಾರೂ ಏನೂ ಕೇಳಲಿಲ್ಲ, ಸರದು ಜಾಗಾ ಕೊಟ್ವಿ. ಅವತ್ತು ಆಕಿ ಎರಡು ಸಾಲು ಹೊಲದ್ಲು.

ಸಣ್ಣ ಖುಷಿಲೇ ಜಡ್ಡು ಹೋಗ್ತದೇನು ಅಂತ ನೀವು ಕೇಳಬಹುದು. ಇಲ್ಲ. ಔಷಧನೂ ಬೇಕು, ರೊಕ್ಕಾನೂ ಬೇಕು. 2016ರಾಗ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರು ಆತು. ಬಡವರಿಗೆ ಜಿಲ್ಲಾ ಆಸ್ಪತ್ರೆಯೊಳಗ ಪುಕ್ಕಟೆ ಡಯಾಲಿಸಿಸ್ ಸಿಗಲಿ ಅಂತ ಮಾಡಿದ್ದು. ನಿಮ್ಮ ಓಣ್ಯಾಗ ಗೊತ್ತಿಲ್ಲದವರಿದ್ರ ತಿಳಿಸ್ರಿ, ಅದೂ ಪುಣ್ಯದ ಕೆಲಸನಽ.

ಆದ್ರ ಔಷಧ ತಗೊಂಡು ನಾಳಿನ ತನಕಾ ಬದುಕೋ ಮನಸ್ಸು ಬೇಕಲ್ಲ, ಅದು ಈ ಸಣ್ಣ ಗಳಿಗಿಯಿಂದಽ ಬರ್ತದ. ಅದಕ್ಕ ಅಕ್ಕಾರಽ, ವೈನ್ಯಾರಽ, ಜಡ್ಡಿನವರ ಮನಿಗೆ ಹೋದ್ರ ಒಂದು ತಾಸು ಕೊಡ್ರಿ. ನಾಲ್ಕು ರೊಟ್ಟಿ ಬಡದು ಕೊಡ್ರಿ. ಜಡ್ಡಿನ ಸುದ್ದಿ ಬಿಟ್ಟು ಓಣಿ ಸುದ್ದಿ ಹೇಳ್ರಿ. ಮನಿಯಾಕಿಗೆ 'ನೀ ಒಂದು ಗಳಿಗಿ ಅಡ್ಡಾಗವಾ, ನಾ ಕುಂದರ್ತೀನಿ' ಅನ್ರಿ.